ಜೂನ್ ತಿಂಗಳನ್ನು ಪಣಕ್ಕಿಟ್ಟ ಶುಕ್ರವಾರ

ಮಾತಿಗೆ ಶಕ್ತಿ ಇದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಾನು ಕುವೈತಿನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತದಲ್ಲಿ ಸಕ್ಕರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಯಾರ ಬಾಯಿಯ ಹರಕೆಗೂ ಶಾಪಕ್ಕೂ ಅದು ಏರುವುದಿಲ್ಲ, ಇಳಿಯುವುದಿಲ್ಲ. ಕೆಟ್ಟದ್ದು ಆಡಬೇಡ, ಅಶ್ವಿನಿ ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂದು ಅಜ್ಜಿ ಗದರಿದಾಗಲೆಲ್ಲ ಬೇಕೆಂತಲೇ ಇನ್ನಷ್ಟು ಕೆಟ್ಟದ್ದನ್ನು ಆಡಿ ನಕ್ಕವಳು ನಾನು. ಈಗಲೂ ನಂಬುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ನಡೆದದ್ದು ಮಾತ್ರ ನಡೆದದ್ದೇ. ಅದನ್ನು ಬರೆಯಲು ಕೂತರೆ ಭಯವಾಗುವುದಿಲ್ಲ, ಸಿಟ್ಟು ಬರುತ್ತದೆ. ಓದುವವರು ಸಹಿಸಿಕೊಳ್ಳಬೇಕು.

ಆ ವರ್ಷ ಜೂನ್‌ನಲ್ಲಿ ಗದಗಿನಲ್ಲಿ ನನ್ನ ತಂಗಿ ಸವಿತಾಳ ಮದುವೆ ಇತ್ತು. ಅವಳಿಗೆ ಅದು ಎರಡನೆಯದು. ಮೊದಲ ಗಂಡ ಅಪಘಾತದಲ್ಲಿ ಹೋಗಿದ್ದ. ಈ ಹುಡುಗ ಬೇರೆ ಜಾತಿಯವನೆಂದು ನಮ್ಮಣ್ಣ ಕಲ್ಯಾಣ ಮಂಟಪದ ಮೆಟ್ಟಿಲನ್ನೂ ತುಳಿಯುವುದಿಲ್ಲ ಎಂದುಬಿಟ್ಟಿದ್ದ. ಅಪ್ಪ ಇಲ್ಲ. ಅಂದಮೇಲೆ ಧಾರೆ ಎರೆಯಬೇಕಾದವರು ನಾನು ಮತ್ತು ನನ್ನ ಗಂಡ ಗಿರೀಶ. ಗಿರೀಶ ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ಕಾಂಟ್ರ್ಯಾಕ್ಟ್ ಕಂಪನಿಯ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಆ ಬೇಸಿಗೆಯಲ್ಲಿ ಘಟಕ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸವಿದ್ದದ್ದರಿಂದ ಅವರ ಸೆಕ್ಷನ್ನಿನಿಂದ ಜೂನ್‌ನಲ್ಲಿ ಒಬ್ಬರಿಗೆ ಮಾತ್ರ ರಜೆ. ಅದು ಗಿರೀಶನಿಗೆ ಸಿಕ್ಕಿತ್ತು. "ಭಾವ ಬರ್ತಾರಲ್ಲಕ್ಕಾ? ಖರೇ ಹೇಳು," ಎಂದು ಸವಿತಾ ಪ್ರತಿ ಫೋನಿನಲ್ಲೂ ಕೇಳುತ್ತಿದ್ದಳು.

ಏಪ್ರಿಲ್ ಕೊನೆಯ ಆ ಶುಕ್ರವಾರ ನಾವು ಮಂಗಾಫ್‌ನಲ್ಲಿರುವ ಪ್ರಸನ್ನನ ಫ್ಲ್ಯಾಟಿಗೆ ಊಟಕ್ಕೆ ಹೋಗಿದ್ದೆವು. ಪ್ರಸನ್ನ ಮೈಸೂರಿನವನು, ಗಿರೀಶನ ಸೆಕ್ಷನ್ನಿನವನೇ. ಜೂನ್ ರಜೆಗೆ ಅವನೂ ಅರ್ಜಿ ಹಾಕಿ ನಿರಾಶನಾಗಿದ್ದ. ಅವನ ಹೆಂಡತಿ ರೂಪಾ, ಮೇಲಿನ ಮಹಡಿಯ ಮಂಗಳೂರಿನ ರಫೀಕ್, ಮಗಳು ಸೇರಿ ನಾವು ಮೂವರು, ಅಷ್ಟೇ ಜನ. ಬೆಳಿಗ್ಗೆಯಿಂದ ಧೂಳು ಎದ್ದಿತ್ತು. ಕಿಟಕಿಯ ಆಚೆ ಎದುರಿನ ಕಟ್ಟಡ ಕಾಣಿಸುತ್ತಿರಲಿಲ್ಲ. ಮಧ್ಯಾಹ್ನವೇ ಕೋಣೆಯೊಳಗೆ ಇಟ್ಟಿಗೆ ಬಣ್ಣದ ಬೆಳಕು.

ಪ್ರಸನ್ನ ಆಗಷ್ಟೇ ಯಾವುದೋ ಹಡಗಿನ ಪ್ರವಾಸ ಮುಗಿಸಿ ಬಂದಿದ್ದ. ಅಲ್ಲಿ ಕ್ರ್ಯಾಪ್ಸ್ ಎಂಬ ದಾಳದ ಆಟ ಕಲಿತಿದ್ದ. ಹಳೆಯ ಬೆಡ್‌ಶೀಟಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಅದನ್ನು ಹಾಲಿನಲ್ಲಿ ಹಾಸಿ, ಗಿರೀಶನಿಗೆ ಪಾಠ ಶುರುಮಾಡಿದ. ಅಡುಗೆಮನೆಯಲ್ಲಿ ರೂಪಾಳ ಜೊತೆ ಪೂರಿ ಲಟ್ಟಿಸುತ್ತಿದ್ದ ನನಗೂ ಆ ಪಾಠ ಬೇಡವೆಂದರೂ ಬಾಯಿಪಾಠವಾಯಿತು. ಎರಡು ದಾಳ ಒಟ್ಟಿಗೆ ಎಸೆಯಬೇಕು. ಮೊದಲ ಎಸೆತದಲ್ಲಿ ಏಳು ಅಥವಾ ಹನ್ನೊಂದು ಬಿದ್ದರೆ ಎಸೆದವನು ಗೆದ್ದ. ಎರಡು, ಮೂರು, ಹನ್ನೆರಡು ಬಿದ್ದರೆ ಸೋತ. ಬೇರೆ ಏನೇ ಬಿದ್ದರೂ ಅದು ಅವನ ಪಾಯಿಂಟ್. ಆಮೇಲೆ ಆ ಪಾಯಿಂಟ್ ಮತ್ತೊಮ್ಮೆ ಬೀಳುವವರೆಗೂ ಎಸೆಯುತ್ತಲೇ ಇರಬೇಕು. ಅಷ್ಟರೊಳಗೆ ಏಳು ಬಿದ್ದರೆ ಎಲ್ಲ ಹೋಯಿತು. ಅಂದರೆ ಮೊದಲು ಗೆಲ್ಲಿಸುವ ಏಳೇ ಆಮೇಲೆ ಮುಳುಗಿಸುವುದು. ಎಸೆಯುವವನ ಪರವಾಗಿ ಕಟ್ಟುವವರು ಒಂದು ಗೆರೆಯ ಮೇಲೆ, ವಿರುದ್ಧ ಕಟ್ಟುವವರು ಇನ್ನೊಂದು ಗೆರೆಯ ಮೇಲೆ ಪಣ ಇಡಬೇಕು.

"ಇಲ್ಲಿ ಜೂಜು ಅಂತ ಗೊತ್ತಾದ್ರೆ ಇಕಾಮಾ, ವೀಸಾ ಎಲ್ಲ ಖಲಾಸ್ ಮಾರಾಯ್ರೆ. ನೇರ ಏರ್‌ಪೋರ್ಟ್," ಎಂದ ರಫೀಕ್. ಅವನು ಆಡಲಿಲ್ಲ, ಚಹಾ ಹಿಡಿದು ಸೋಫಾದ ಮೇಲೆ ಕೂತಿದ್ದ.

"ದುಡ್ಡೆಲ್ಲಿದೆ ರಫೀಕ್ ಭಾಯಿ? ಪಿಸ್ತಾ ಕಟ್ತಿದೀವಿ ಅಷ್ಟೇ," ಎಂದು ಪ್ರಸನ್ನ ನಕ್ಕ.

ನನ್ನ ಮಗಳು ಅನು ಬೆಡ್‌ಶೀಟಿನ ತುದಿಯಲ್ಲೇ ಕೂತು ಪಿಸ್ತಾ ತಿನ್ನುತ್ತಿದ್ದಳು. ಪ್ರಸನ್ನ ತನ್ನ ಪಾಯಿಂಟ್‌ಗಾಗಿ ದಾಳ ಎಸೆಯುವ ಹೊತ್ತಿಗೆ ನಾನು ಬಾಗಿಲಿಗೆ ಬಂದು, "ಅನೂ, ಅಲ್ಲಿಂದ ಏಳು," ಎಂದೆ. ದಾಳಗಳು ಗೋಡೆಗೆ ಬಡಿದು ಬಿದ್ದವು. ನಾಲ್ಕು, ಮೂರು. ಅವನ ಆಟ ಮುಗಿಯಿತು. "ಅಕ್ಕಾ ಏಳು ಅಂದ್ರು, ಏಳೇ ಬಿತ್ತು ನೋಡ್ರೀ!" ಎಂದು ಅವನು ಹಣೆ ಚಚ್ಚಿಕೊಂಡು ನಕ್ಕ. ಎಲ್ಲರೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ನಾನು ಮತ್ತೆ ಬಂದು ಗಿರೀಶನಿಗೆ, "ಪೂರಿ ಆರತಾವ, ಏಳ್ರಿ ಊಟಕ್ಕ," ಎಂದೆ. ಅವನ ಮೊದಲ ಎಸೆತ. ಆರು, ಒಂದು. ಈ ಸಲ ಗೆಲುವು. ಆಗಲೂ ನಕ್ಕೆವು. ಆದರೆ ಊಟವಾದ ಮೇಲೆ ಪ್ರಸನ್ನ ನನ್ನ ಬೆನ್ನು ಹತ್ತಿದ. "ಒಂದ್ಸಲ ಏಳು ಅನ್ನಿ ಅಕ್ಕಾ, ಪ್ಲೀಸ್." ಅವನ ಕಾಟ ತಾಳಲಾರದೆ ಅಂದೆ. ಐದು ಬಿತ್ತು. ಇನ್ನೊಮ್ಮೆ ಅಂದೆ. ಹತ್ತು. ಮತ್ತೆ ನಾಲ್ಕು. ಅಲ್ಲಿಗೆ ಆ ತಮಾಷೆ ಸಪ್ಪೆಯಾಗಿ ಎಲ್ಲರೂ ಅದನ್ನು ಬಿಟ್ಟರು. ನಾನಂತೂ ಆಗಲೇ ಮರೆತೆ.

ರೂಪಾಳ ಜೊತೆ ಪಾತ್ರೆ ಒರೆಸುತ್ತಿದ್ದಾಗ ಅನು ಬಂದು ನನ್ನ ಕುರ್ತಾ ಜಗ್ಗಿದಳು. "ಮಮ್ಮಿ, ಪಪ್ಪಾ ಈಸ್ ಬೆಟಿಂಗ್ ಜೂನ್."

"ಏನ್ ಜೂನ್?"

"ಜೂನ್ ಮಂತ್. ದ ಡೇಟ್ಸ್ ಈಸ್ ಜೂನ್."

ಹಾಲಿಗೆ ಹೋದರೆ ಗೆರೆಯ ಮೇಲೆ ಪಿಸ್ತಾ ಇರಲಿಲ್ಲ. ಒಂದು ಖರ್ಜೂರ ಇತ್ತು. ಅದೇ ಜೂನ್ ತಿಂಗಳು. ಗಿರೀಶ ಗೆದ್ದರೆ ಪ್ರಸನ್ನ ತನ್ನ ದೀಪಾವಳಿ ರಜೆಯನ್ನೂ ಅವನಿಗೆ ಬಿಟ್ಟುಕೊಡಬೇಕು. ಸೋತರೆ ಜೂನ್ ಪ್ರಸನ್ನನಿಗೆ. ಭಾನುವಾರ ಇಬ್ಬರೂ ಇನ್‌ಚಾರ್ಜ್ ಬಳಿ ಹೋಗಿ ಅದಲು ಬದಲು ಮಾಡಿಸುವುದು ಎಂದು ಕೈಗೆ ಕೈ ಹೊಡೆದು ಮಾತಾಗಿತ್ತು. ಗಿರೀಶನ ಪಾಯಿಂಟ್ ಎಂಟು. ಅವನ ಕಣ್ಣುಗಳು ಮಿನುಗುತ್ತಿದ್ದವು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಧಾರೆಯ ಮಣೆಯ ಮೇಲೆ ನನ್ನ ಪಕ್ಕ ಕೂರಬೇಕಾದ ಮನುಷ್ಯ ಆ ದಿನವನ್ನೇ ಒಂದು ಖರ್ಜೂರ ಮಾಡಿ ಹಾಸಿಗೆ ಬಟ್ಟೆಯ ಮೇಲೆ ಇಟ್ಟಿದ್ದ.

ಎದ್ದು ಬಾ ಎಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಹೇಳಬೇಕಾಗಿದ್ದದ್ದು ಅದೇ ಶಬ್ದ. ನಂಬಿಕೆಯಿಂದ ನಿಂತೆನೆಂದು ತಿಳಿಯಬೇಡಿ. ಎಲ್ಲಿ ಮತ್ತೆ ನಗುತ್ತಾರೋ ಎಂದು ನಿಂತೆ. "ಆಟ ಬಿಡ್ರಿ. ಮನಿಗೆ ನಡೀರಿ," ಎಂದೆ. ಒಂಬತ್ತು ಬಿತ್ತು. "ತಡಿ, ಇನ್ನೊಂದ ಸಲ," ಎಂದ. ಐದು ಬಿತ್ತು. "ಸವಿತಾಗ ಏನಂತ ಹೇಳ್ಲಿ ನಾನು?" ಎಂದೆ. ಆರು ಬಿತ್ತು. ರಫೀಕ್ ಎದ್ದು ನಿಂತಿದ್ದ. ರೂಪಾ, "ರೀ, ಸಾಕು ಬಿಡ್ರೀ," ಎಂದು ಪ್ರಸನ್ನನ ತೋಳು ಹಿಡಿದಿದ್ದಳು. ಗಿರೀಶ ನನ್ನತ್ತ ತಿರುಗಿಯೂ ನೋಡದೆ ದಾಳಗಳನ್ನು ಮುಷ್ಟಿಯಲ್ಲಿ ಅಲುಗಿಸುತ್ತ, "ಏನ್ ಮೊದಲ್ನೇ ಮದಿವಿ ಆದಂಗ ಮಾಡ್ತಿಯಲ್ಲ," ಎಂದ.

ಆಗ ನನಗೆ ಏನಾಯಿತೋ ಹೇಳಲು ಬರುವುದಿಲ್ಲ. ನಾಲ್ಕು ಜನರೆದುರು ಗಂಡನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. "ಏಳು ಗಿರೀಶ!" ಎಂದು ಕಿರುಚಿದೆ. ದಾಳಗಳು ಅವನ ಕೈಬಿಟ್ಟವು. ಐದು, ಎರಡು.

ಯಾರೂ ನಗಲಿಲ್ಲ. "ಇದು ಲೆಕ್ಕಕ್ಕಿಲ್ಲ. ನೀ ಒದರಿದ್ದಕ್ಕ ಕೈ ಜಾರಿತು," ಎಂದು ಗಿರೀಶ ದಾಳ ಬಾಚಿಕೊಂಡ. ಪ್ರಸನ್ನ ಬೇಡವೆನ್ನಲಿಲ್ಲ. ಗಿರೀಶ ಎಸೆದ. "ಏಳು ಅಂದೆನಲ್ಲ!" ಎಂದೆ. ಮೂರು, ನಾಲ್ಕು. ಮತ್ತೆ ಬಾಚಿದ. "ಏಳು!" ಒಂದು, ಆರು. ಅವನ ಮುಖ ಕೆಂಪಗಾಗಿತ್ತು. ಈಗ ಅವನು ಆಡುತ್ತಿದ್ದದ್ದು ಪ್ರಸನ್ನನ ಜೊತೆಯಲ್ಲ, ನನ್ನ ಜೊತೆ. "ಅನ್ನು, ಇನ್ನೊಮ್ಮೆ ಅನ್ನು ನೋಡೂನು," ಎನ್ನುತ್ತ ಎಸೆದ. ಅಂದೆ. ಏಳು. ಎಸೆದ. ಅಂದೆ. ಏಳು. ಎಷ್ಟು ಸಲವೋ ನಾನು ಎಣಿಸಲಿಲ್ಲ. ಎಣಿಸುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಅನು ಅಳತೊಡಗಿದಳು. ಕೊನೆಗೆ ರಫೀಕ್ ಬಗ್ಗಿ ಎರಡೂ ದಾಳಗಳನ್ನು ಎತ್ತಿಕೊಂಡು, "ಯಲ್ಲಾ, ಹೊರಡಿ, ಸಾಕು. ಇದು ಆಟ ಅಲ್ಲ ಇನ್ನು," ಎಂದ.

ಆ ದಾಳಗಳನ್ನು ರೂಪಾ ತನ್ನ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ನಾನೇ ತಂದೆ. ಕ್ಲಿನಿಕ್ಕಿನ ತಕ್ಕಡಿಯಲ್ಲಿ ತೂಗಿದೆ, ಎರಡೂ ಒಂದೇ ತೂಕ. ಯಾವುದಾದರೂ ಮಗ್ಗುಲು ಭಾರವಿದೆಯೇ ಎಂದು ಉಪ್ಪುನೀರಿನಲ್ಲಿ ತೇಲಿಬಿಟ್ಟೆ. ಒಂದೊಂದು ಸಲ ಒಂದೊಂದು ಮುಖ ಮೇಲೆ ಬಂತು. ಊಟದ ಮೇಜಿನ ಮೇಲೆ ಒಬ್ಬಳೇ ಕೂತು ಎಸೆದೆ. ಮೆಲ್ಲಗೆ ಅಂದು ನೋಡಿದೆ, ಕೂಗಿ ನೋಡಿದೆ, ಬೇಕೆಂದೇ ಸಿಟ್ಟು ತಂದುಕೊಂಡೂ ನೋಡಿದೆ. ಆರರಲ್ಲಿ ಒಂದು ಸಲ ಏಳು ಬೀಳಬೇಕು. ಹೆಚ್ಚೂಕಡಿಮೆ ಹಾಗೆಯೇ ಬಿತ್ತು. ಸಾಲಾಗಿ ಅಷ್ಟು ಏಳು ಬೀಳಬಾರದೆಂಬ ನಿಯಮವೇನೂ ಗಣಿತದಲ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೆ ಸಮಾಧಾನವಾಗಬೇಕಲ್ಲ?

ಜೂನ್ ಹೋಯಿತು. ಪ್ರಸನ್ನ ಹೆದರಿ, "ನನಗೆ ಬೇಡ ಗಿರೀಶ್, ನೀವೇ ಹೋಗ್ಬನ್ನಿ," ಎಂದು ಮನೆಗೇ ಬಂದು ಹೇಳಿದ. ಗಿರೀಶ ಕೇಳಲಿಲ್ಲ. ಕೊಟ್ಟ ಮಾತು ಅಂತೆ! ಬೆಡ್‌ಶೀಟಿನ ಮೇಲೆ ಪ್ರಸನ್ನನಿಗೆ ಕೊಟ್ಟದ್ದು ಮಾತು. ಸವಿತಾಳಿಗೆ ಫೋನಿನಲ್ಲಿ ಕೊಟ್ಟದ್ದು ಏನು? ಅನುವನ್ನು ಕರೆದುಕೊಂಡು ನಾನೊಬ್ಬಳೇ ಹೋದೆ. ಪುರೋಹಿತರು ನನ್ನ ಪಕ್ಕದ ಮಣೆಯ ಮೇಲೆ ಗಿರೀಶನ ಹೆಸರಿನಲ್ಲಿ ಒಂದು ಅಡಿಕೆ ಇಟ್ಟು ಧಾರೆ ಮುಗಿಸಿದರು. ಸವಿತಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನೀರು ಬಿಡುವಾಗ ಅವಳು ಆ ಅಡಿಕೆಯನ್ನೇ ನೋಡುತ್ತಿದ್ದಳು.

ನಾನು ಕುವೈತಿಗೆ ಮರಳುವ ಹೊತ್ತಿಗೆ ಕಥೆ ನಮ್ಮ ಕನ್ನಡದವರ ಮನೆಮನೆ ಸುತ್ತಿ ಮುಗಿದಿತ್ತು. ಹೆಂಡತಿ ಬಾಯಿ ಹಾಕಿದ್ದಕ್ಕೆ ಗಿರೀಶ ಸೋತನಂತೆ. ಒಬ್ಬಾಕೆ ಮಗನ ಪರೀಕ್ಷೆಯ ಬೆಳಿಗ್ಗೆ ಫೋನ್ ಮಾಡಿ ಏನಾದರೂ ಒಳ್ಳೆಯದು ಅನ್ನಿ ಎಂದಳು. ಇನ್ನೊಬ್ಬಾಕೆ ಹೊಸ ಕಾರು ಕೊಂಡಾಗ ನನ್ನ ಕಣ್ಣಿಗೆ ಬೀಳದಂತೆ ಹಿಂದಿನ ಬೀದಿಯಲ್ಲಿ ನಿಲ್ಲಿಸಿದಳು. ಆ ಖರ್ಜೂರವನ್ನು ಗೆರೆಯ ಮೇಲೆ ಇಟ್ಟ ಕೈ ಯಾರದು ಎಂದು ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಗಿರೀಶನೂ ಎಷ್ಟೋ ತಿಂಗಳು ಆ ವಿಷಯ ಎತ್ತಲಿಲ್ಲ. ಒಂದು ಸಂಜೆ ಕಾರಿನಲ್ಲಿ ಫಹಾಹೀಲ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಮುಂದೆ ನೋಡುತ್ತಲೇ ಕೇಳಿದ: "ಅವತ್ತ ನೀ ಅಂದಿದ್ದು ಎದ್ದು ಬಾ ಅಂತನೋ, ಅಂಕಿನೋ?"

ಮೊದಲನೆಯ ಸಲ ಅಂದದ್ದು ಎದ್ದು ಬಾ ಎಂದೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲಿನವು? ಅವನು ಸೋಲಲಿ, ಸೋಲುತ್ತಲೇ ಇರಲಿ ಎಂದು ಅಂದೆನೋ, ಒಮ್ಮೆ ಎದ್ದು ನನ್ನ ಮುಖ ನೋಡಲಿ ಎಂದು ಅಂದೆನೋ, ಎಷ್ಟು ಯೋಚಿಸಿದರೂ ತಿಳಿಯದು. ದಾಳಕ್ಕೆ ಹೇಗೆ ತಿಳಿಯಿತೋ ಅದೂ ತಿಳಿಯದು.

"ಗೊತ್ತಿಲ್ಲ," ಎಂದೆ. "ಆದ್ರ ಮೊದಲ್ನೇ ಸಲನ ಎದ್ದಿದ್ರ ನೀವು ಇದನ್ನ ಕೇಳೂ ಪ್ರಸಂಗನ ಬರ್ತಿರಲಿಲ್ಲ."

ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಸಿಗ್ನಲ್ ಆಗಲೇ ಹಸಿರಾಗಿತ್ತು.