ಗೊಂಬೆ ನೋಡಲು ಬಂದವನು

ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟ್ ಅಂದರೆ ಎಲ್ಲಕ್ಕಿಂತ ಮೇಲಿನ ಕೋರ್ಟಲ್ಲ, ಕೇಸು ಮೊದಲು ನಡೆಯುವ ಕೋರ್ಟು. ನಮ್ಮವರಿಗೆ ಇದನ್ನು ಹೇಳಿ ಹೇಳಿ ಬಾಯಿ ನೋಯಿತು. ಕನ್ನಡ ಕೂಟದಲ್ಲಿ ಇವತ್ತಿಗೂ ನನ್ನನ್ನು ಇಡೀ ಅಮೆರಿಕಕ್ಕೇ ದೊಡ್ಡ ಜಡ್ಜ್ ಅನ್ನುವ ಹಾಗೆ ಪರಿಚಯಿಸುತ್ತಾರೆ. ನಾನು ಮಾಡುವುದು ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕೆಂದು ಹೇಳುವ ಕೆಲಸ. ಈ ಕುರ್ಚಿಗೆ ಚುನಾವಣೆ ಗೆದ್ದು ಬರಬೇಕು. ಜ್ಯಾಕ್ಸನ್ ಹೈಟ್ಸಿನ ಸೀರೆ ಅಂಗಡಿಗಳ ಮುಂದೆ ನಿಂತು ವೋಟು ಕೇಳಿದವಳು ಗೆದ್ದ ಮೇಲೆ ಬಾಗಿಲು ಹಾಕಿಕೊಂಡರೆ ಚೆನ್ನಾಗಿರುತ್ತದೆಯೇ?

ನವರಾತ್ರಿಯಲ್ಲಂತೂ ನಮ್ಮ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಗೊಂಬೆ ನೋಡಲು ಎಲ್ಲರೂ ಬನ್ನಿ ಎಂದು ಕೂಟದ ಫೇಸ್‌ಬುಕ್ ಪುಟದಲ್ಲಿ ವಿಳಾಸ ಹಾಕುತ್ತಿದ್ದೆ. ಗೊಂಬೆ ನೋಡಲು ಬಂದವರನ್ನು ಯಾರು ನೀವು ಅಂತ ಕೇಳುವ ಪದ್ಧತಿ ಮೈಸೂರಿನಲ್ಲಿ ಇರಲಿಲ್ಲ, ಇಲ್ಲೂ ಇಟ್ಟುಕೊಳ್ಳಲಿಲ್ಲ.

ಆ ಶನಿವಾರ ಸಂಜೆ ಉಸಲಿಗೆ ಒಗ್ಗರಣೆ ಹಾಕಿ ಅಡುಗೆಮನೆಯಿಂದ ಹೊರಗೆ ಬಂದೆ. ಗೊಂಬೆಗಳ ಮುಂದೆ ಬಿಳಿಯನೊಬ್ಬ ಚಕ್ಕಂಬಕ್ಕಳ ಹಾಕಿ ಕೂತಿದ್ದ. ನಾಲ್ಕನೇ ಕ್ಲಾಸಿನ ನನ್ನ ಮಗಳು ಅವನಿಗೆ ಪಟ್ಟದ ಗೊಂಬೆಗಳ ಕಥೆ ಹೇಳುತ್ತಿದ್ದಳು. ಅವನು ತಿರುಗಿದ. ನನಗೆ ಗುರುತು ಸಿಕ್ಕಿತು. ತನ್ನ ಮಗಳನ್ನು ವಾರಾಂತ್ಯಕ್ಕೆ ತನ್ನ ಮನೆಗೆ ಕಳಿಸಬೇಕೆಂದು ನನ್ನ ಕೋರ್ಟಿನಲ್ಲಿ ಕೇಸು ನಡೆಸುತ್ತಿದ್ದವನು. ಸೋಮವಾರ ನಾನು ತೀರ್ಪು ಕೊಡಬೇಕಿತ್ತು.

"ಮನೆ ಚೆನ್ನಾಗಿದೆ, ಜಡ್ಜ್," ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಅಂದ. "ನನ್ನ ಮಗಳಿಗೂ ಗೊಂಬೆ ಅಂದರೆ ಪ್ರಾಣ."

ಅಷ್ಟೇ. ಬಾಗಿಲ ಬಳಿ ಬಗ್ಗಿ, ನಿಧಾನವಾಗಿ ಬೂಟಿನ ಲೇಸು ಕಟ್ಟಿಕೊಂಡು ಹೋದ.

ಸೋಫಾದಲ್ಲಿದ್ದ ಆಂಟಿಯೊಬ್ಬರು ನಕ್ಕರು. "ನಿಮ್ಮ ಕೊಲೀಗಾ? ಎಷ್ಟ್ ಚೆನ್ನಾಗಿ ಕೆಳಗೆ ಕೂತ್ಕೊಂಡ್ರು ನೋಡಿ, ಸೋ ಸ್ವೀಟ್!"

ನಾನು ಒಳಗೆ ಹೋಗಿ ಕೋರ್ಟಿನ ಭದ್ರತೆಯವರಿಗೆ ಫೋನ್ ಮಾಡಿದೆ. ಈ ಕೇಸು ಇನ್ನು ನನ್ನದಲ್ಲ, ಬೇರೆ ಜಡ್ಜಿಗೆ ಹೋಗಬೇಕು ಎಂದೂ ತಿಳಿಸಿದೆ. ಯಾರಿಗೂ ಹೇಳದ ಮಾತು ಒಂದಿತ್ತು. ನಾನು ಬರೆದಿಟ್ಟಿದ್ದ ತೀರ್ಪು ಅವನ ಪರವಾಗಿಯೇ ಇತ್ತು. ತಿಂಗಳುಗಟ್ಟಲೆ ಅವನ ಮುಖ ನೋಡಿ, ಮಾತು ಕೇಳಿ, ಈ ಮನುಷ್ಯನಿಂದ ಮಗುವಿಗೆ ಭಯವಿಲ್ಲ ಎಂದು ನಾನೇ ಬರೆದಿದ್ದೆ. ಇಷ್ಟು ವರ್ಷದಲ್ಲಿ ಇನ್ನೆಷ್ಟು ಮಕ್ಕಳನ್ನು ಎಂಥೆಂಥವರ ಮನೆಗೆ ಕಳಿಸಿದ್ದೇನೋ.

ಬಂದವರನ್ನೆಲ್ಲ ಕುಂಕುಮ ಕೊಟ್ಟು ಕಳಿಸಿ, ಬಾಗಿಲಿಗೆ ಚಿಲಕ ಹಾಕಿದೆ.

"ಆ ಅಂಕಲ್ ನಿನ್ನ ಏನು ಕೇಳಿದ್ರು ಪುಟ್ಟಾ?"

ಮಗಳು ಪಟ್ಟದ ಗೊಂಬೆಯ ಸೀರೆ ಸರಿಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ನಥಿಂಗ್, ಅಮ್ಮ. ಹಿ ಜಸ್ಟ್ ವಾಂಟೆಡ್ ಟು ಸೀ ಮೈ ರೂಮ್. ಸೋ ಐ ಶೋಡ್ ಹಿಮ್."