ನಮ್ಮೂರಿನಲ್ಲೇ ನಮಗೊಂದು ರೂಮು

“ಲೋಕಲ್ ಆಧಾರ್ ಇದ್ದೋರಿಗೆ ರೂಮ್ ಕೊಡಂಗಿಲ್ಲ ಸಾರ್.”

ರಿಸೆಪ್ಷನ್‌ನಲ್ಲಿದ್ದ ಹುಡುಗಿ ನನ್ನ ಆಧಾರ್ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಳು. ಬಳ್ಳಾರಿಯಲ್ಲಿ ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಓಟು ಹಾಕಿದ್ದೇನೆ. ಈ ಊರಿನ ಕೆಂಪು ಧೂಳು ಎಷ್ಟು ಕುಡಿದಿದ್ದೇನೋ ನನಗೇ ಗೊತ್ತಿಲ್ಲ. ಅಂಥವನಿಗೆ ನಮ್ಮೂರಿನ ಹೋಟೆಲಿನಲ್ಲಿ ರೂಮಿಲ್ಲ. ಹೊಸಪೇಟೆಯವನಾಗಿದ್ದರೆ ಸಿಗುತ್ತಿತ್ತಂತೆ.

“ಯಾಕಮ್ಮ?” ಅಂದೆ.

“ಮನಿ ಇಲ್ಲೇ ಐತಲ್ಲ ಸಾರ್. ಮನಿ ಇಟ್ಕೊಂಡು ಯಾಕ ಬರ್ತಾರ ಅಂತ ನಮ್ಮ ಓನರ್ ಕೇಳ್ತಾರ.” ಹಾಗೆ ಹೇಳುತ್ತ, ನನ್ನ ಹಿಂದೆ ಸೂಟ್‌ಕೇಸ್ ಹಿಡಿದು ನಿಂತಿದ್ದ ಹೆಂಗಸನ್ನು ಒಂದು ಥರಾ ನೋಡಿದಳು. (ಆ ಹೆಂಗಸು ಮೂವತ್ತು ವರ್ಷದಿಂದ ನನ್ನ ಹೆಂಡತಿ. ಹೆಸರು ಸುಮಂಗಲಾ. ಅವಳಿಗೆ ಆ ನೋಟ ಅರ್ಥವಾಗಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.)

ಪ್ರಶ್ನೆಯೇನೋ ಸರಿಯಾಗೇ ಇತ್ತು. ನಮಗೆ ಮನೆ ಇದೆ. ಆ ಹೋಟೆಲಿನಿಂದ ಆಟೋದಲ್ಲಿ ಹತ್ತು ನಿಮಿಷ, ದೊಡ್ಡಾಸ್ಪತ್ರೆಯ ಹಿಂದಿನ ಬೀದಿ. ತೊಂದರೆ ಇರುವುದೇ ಆ ವಿಳಾಸದಲ್ಲಿ. ನಮ್ಮ ಕಡೆಯವರು ಕುರುಗೋಡಿನವರು. ಅವಳ ಕಡೆಯವರು ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯವರು. ಅಲ್ಲಿ ಯಾರಿಗೆ ಕಣ್ಣು ಮಂಜಾದರೂ, ಯಾರ ಮಗಳಿಗೆ ಹೆರಿಗೆ ದಿನ ಹತ್ತಿರವಾದರೂ, ಯಾರದೋ ಕೋರ್ಟ್ ಕೇಸಿಗೆ ವಾಯಿದೆ ಬಿದ್ದರೂ ಬಸ್ಸಿಳಿದು ಸೀದಾ ಬರುವುದು ನಮ್ಮ ಮನೆಗೆ. ಬರಬೇಕಾದ್ದೇ. ಊರಲ್ಲಿ ನಮ್ಮ ಮನೆ ಇದ್ದೂ ನೆಂಟರು ಲಾಡ್ಜಿನಲ್ಲಿ ಇಳಿದರೆ ನಾವು ಮುಖ ಎತ್ತಿ ತಿರುಗುವ ಹಾಗಿಲ್ಲ. ಎಷ್ಟೋ ಮದುವೆ ಮನೆಗಳಲ್ಲಿ ನಾನೇ ಎಲ್ಲರ ಮುಂದೆ, “ಬಳ್ಳಾರಿಗೆ ಬಂದ್ರ ನಮ್ಮ ಮನಿ ಐತಿ, ಮರೀಬ್ಯಾಡ್ರಿ,” ಅಂತ ಸಾರಿಕೊಂಡು ಬಂದವನು.

ಹಾಗಿದ್ದ ಮೇಲೆ ಮನೆ ಬಿಟ್ಟು ಹೋಟೆಲ್ ಹುಡುಕುತ್ತ ಯಾಕೆ ಅಲೆಯುತ್ತಿದ್ದೆವು? ಅದಕ್ಕೆ ಕಾರಣ ಒಂದು ಹಡಗು.

ನಾನು ರಿಟೈರ್ ಆದ ಖುಷಿಗೆ ಹಳೆಯ ಸಹೋದ್ಯೋಗಿಗಳ ಗುಂಪಿನ ಜೊತೆ ಕ್ರೂಸ್‌ಗೆ ಹೋಗಿದ್ದೆವು. ಮುಂಬೈಯಲ್ಲಿ ಹತ್ತಿ, ನಾಲ್ಕು ದಿನ ಸಮುದ್ರದಲ್ಲಿ ಸುತ್ತಿ, ಗೋವಾದಲ್ಲಿ ಇಳಿಯುವುದು. ಬ್ರೋಷರ್‌ನಲ್ಲಿ ಒಬ್ಬ ಹೆಂಗಸು ಡೆಕ್ ಮೇಲೆ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದಳು. ಸುಮಂಗಲಾ ಒಪ್ಪಿದ್ದು ಆ ಫೋಟೊ ನೋಡಿ ಅಂತ ನನಗೆ ಆಮೇಲೆ ಗೊತ್ತಾಯಿತು.

ಹಡಗಿನಲ್ಲಿ ಆದದ್ದೇ ಬೇರೆ. ಬೆಳಗಾದರೆ ಯೋಗಕ್ಕೆ ಬನ್ನಿ ಅಂತ ಸ್ಪೀಕರ್, ಮಧ್ಯಾಹ್ನ ಈಜುಕೊಳದ ಪಕ್ಕ ಡಿಜೆ, ಸಂಜೆ ಬಫೆ ಕ್ಯೂನಲ್ಲಿ ನೂಕುನುಗ್ಗಲು. ಇದರ ನಡುವೆ ಎದುರಿನ ಕ್ಯಾಬಿನ್‌ನ ಹೆಂಗಸಿಗೆ ಮೊದಲ ದಿನವೇ ವಾಂತಿ ಶುರುವಾಯಿತು. ಸುಮಂಗಲಾ ಬ್ಯಾಗಿನಿಂದ ನಿಂಬೆಕಾಯಿ ಉಪ್ಪಿನಕಾಯಿ ತೆಗೆದು ಆಕೆಯ ನಾಲಿಗೆಗೆ ಹಚ್ಚಿದಳು. ಆಕೆ ಎದ್ದು ಕೂತಳು. ಅಲ್ಲಿಗೆ ಕಥೆ ಮುಗಿಯಿತು. ಎರಡನೇ ದಿನ ನಮ್ಮ ಕ್ಯಾಬಿನ್ ಮುಂದೆ ಮರಾಠಿಯವರು, ಗುಜರಾತಿಯವರು, ಕರ್ನೂಲಿನ ಒಂದು ಇಡೀ ಕುಟುಂಬ. ಇವಳು ಕರ್ನೂಲಿನವರನ್ನು “ಕೂರ್ಚೋಂಡಿ ಅಮ್ಮ” ಅಂತ ಒಳಗೆ ಕೂರಿಸಿ, ಅವರ ಮಗುವಿಗೆ ತಲೆ ಬಾಚುತ್ತಿದ್ದಳು. ಅರಬ್ಬಿ ಸಮುದ್ರದ ನಡುವೆಯೂ ಅವಳಿಗೆ ನೆಂಟರು ಸಿಕ್ಕಿದ್ದರು.

ವಾಪಸ್ ಬರುವಾಗ ರೈಲು ತೋರಣಗಲ್ಲು ದಾಟಿತು. ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

“ರೀ, ಮನಿಗೆ ಹೋಗೋದು ಬ್ಯಾಡ. ಎರಡು ದಿನ ಹೋಟೆಲ್‌ನಾಗ ಇರೋಣು.”

“ಬಳ್ಳಾರ್ಯಾಗ?”

“ಹೂಂ, ಬಳ್ಳಾರ್ಯಾಗ. ಈ ಊರಾಗ ಎಷ್ಟು ಮಂದಿಗೆ ಹಾಸಿಗಿ ಹಾಸೀನಿ. ಇದೇ ಊರಾಗ ನನಗೂ ಯಾರಾರ ಹಾಸಿ ಕೊಡ್ಲಿ. ಎರಡು ದಿನ ಯಾರೂ ನನ್ನ ಏನೂ ಕೇಳಬಾರದು.”

ದನಿಯಲ್ಲಿ ಸಿಟ್ಟಿರಲಿಲ್ಲ. ಹಸಿವಾಗಿದೆ ಅಂತ ಹೇಳುವ ಹಾಗೆ ಹೇಳಿದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಏನನ್ನಾದರೂ ಕೇಳಿದ್ದೇ ಅಪರೂಪ. ಈ ಎರಡು ದಿನ ಹೇಗಾದರೂ ಮಾಡಿ ಕೊಡಿಸಬೇಕು ಅಂತ ನಾನು ಅಲ್ಲೇ ನಿರ್ಧರಿಸಿದೆ.

ಸ್ಟೇಷನ್ ಹತ್ತಿರದ ಮೊದಲ ಹೋಟೆಲಿನಲ್ಲಿ ರೂಮು ಚೆನ್ನಾಗಿತ್ತು, ಕೆಳಗೆ ಫಂಕ್ಷನ್ ಹಾಲ್ ಇತ್ತು. ಯಾರದೋ ನಿಶ್ಚಿತಾರ್ಥಕ್ಕೆ ಆಳೆತ್ತರದ ಸ್ಪೀಕರ್‌ಗಳನ್ನು ಇಳಿಸುತ್ತಿದ್ದರು. ಅಲ್ಲಿಂದಲೇ ಹಿಂದಕ್ಕೆ ತಿರುಗಿದೆವು. ಎರಡನೆಯದರ ಕಥೆ ಮೇಲೆ ಹೇಳಿದ್ದೇನೆ. ಕೊನೆಗೆ ಖಾದರ್ ಭಾಯ್‌ಗೆ ಫೋನ್ ಮಾಡಿದೆ. ಕೌಲ್ ಬಜಾರಿನಲ್ಲಿ ಫರ್ನಿಚರ್ ಅಂಗಡಿ ಇಟ್ಟಿರುವ ನನ್ನ ಹಳೇ ದೋಸ್ತ.

“ಕ್ಯೂಂ ಸಾರ್, ಮನ್ಯಾಗ ಖೈರಿಯತ್ ಐತಿಲ್ಲ?” ಅಂತ ಮೊದಲು ಗಾಬರಿಯಾದ. ವಿಷಯ ಹೇಳಿದೆ. “ಭಾಭಿ ಕೇಳಿದ್ದು ಬರೋಬರ್ ಐತಿ,” ಅಂದ. “ಗುಡ್ಡದ ಕಡೆ ಒಂದು ಹಳೇ ಹೋಟೆಲ್ ಐತಿ. ಅಲ್ಲಿ ಮಂಚ ಎಲ್ಲಾ ನಾವೇ ಮಾಡಿಕೊಟ್ಟಿದ್ದು. ಒಂದೂ ಕಿರ್ ಅನ್ನಂಗಿಲ್ಲ. ಮ್ಯಾನೇಜರ್‌ಗೆ ನಾ ಹೇಳ್ತೀನಿ.”

ಒಂದು ಒಳಬೀದಿ, ಬೇವಿನ ಮರ, ಎರಡೇ ಮಹಡಿ. ಸುಮಂಗಲಾ ರೂಮು ಪರೀಕ್ಷೆ ಮಾಡಿದ ರೀತಿ ನೀವು ನೋಡಬೇಕಿತ್ತು. ನಾನು ಎಸಿ, ಟಿವಿ, ವೈಫೈ ವಿಚಾರಿಸುತ್ತಿದ್ದೆ. ಅವಳು ತಲೆದಿಂಬು ಮೂಸಿದಳು. ನಲ್ಲಿ ತಿರುಗಿಸಿ ಬಿಸಿನೀರು ಬರುವವರೆಗೆ ಕೈ ಹಿಡಿದು ನಿಂತಳು. ಬಾಗಿಲಿನ ಚಿಲಕ ಹಾಕಿ ತೆಗೆದಳು. ಆಮೇಲೆ ಮಂಚದ ಮೇಲೆ ಕೂತು, ಕಣ್ಣು ಮುಚ್ಚಿ, ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡಳು. ಎಲ್ಲೋ ಒಂದು ಆಟೋ ಹೋಯಿತು, ಅಷ್ಟೇ.

“ಇದು ಆತು,” ಅಂದಳು. ಕಿಟಕಿ ತೆರೆದರೆ ಎದುರಿಗೇ ಕೋಟೆಗುಡ್ಡ.

ಬೆಳಗ್ಗೆ ಹನ್ನೊಂದಕ್ಕೆ ಮಲಗಿದವಳು ನಾಲ್ಕಕ್ಕೆ ಎದ್ದಳು. ನಾನು ಕೆಳಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದೆ. ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು, ಕಾಲು ಮೇಲಿಟ್ಟುಕೊಂಡು ತಿಂದಳು. ಅವಳು ಕಾಲು ಮೇಲಿಟ್ಟು ತಿನ್ನುವುದನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನಂಥ ಗಂಡ ಇನ್ನೊಬ್ಬನಿಲ್ಲ ಅಂತ ಅನ್ನಿಸಿಬಿಟ್ಟಿತು.

ಅದೇ ಹೊತ್ತಿಗೆ ಫೋನ್ ಬಂತು. ಕುರುಗೋಡಿನಿಂದ ನಮ್ಮ ದೊಡ್ಡಪ್ಪನ ಮಗ ವೀರೇಶಣ್ಣ.

“ಹಡಗಿನಿಂದ ಬಂದ್ರೇನಪಾ?”

“ಬಂದ್ವಿ ಅಣ್ಣ. ಇಲ್ಲೇ ಗುಡ್ಡದ ಹತ್ರ ಹೋಟೆಲ್‌ನಾಗ ಅದೀವಿ. ಬರ್ರಿ.”

ನಿಜ ಹೇಳುತ್ತೇನೆ, ನಾನು ಕರೆಯಬೇಕು ಅಂತ ಕರೆದದ್ದಲ್ಲ. ನಮ್ಮ ಕಡೆ ಫೋನ್ ಇಡುವ ಮೊದಲು ‘ಬರ್ರಿ’ ಅನ್ನದಿದ್ದರೆ ಮಾತು ಮುಗಿದ ಹಾಗೇ ಆಗುವುದಿಲ್ಲ. ಬ್ಯಾಂಕಿನ ಕಸ್ಟಮರ್ ಕೇರ್‌ನವರಿಗೂ ಒಮ್ಮೆ ಹಾಗೆ ಅಂದಿದ್ದೇನೆ. ಅವರು ಬರಲಿಲ್ಲ. ವೀರೇಶಣ್ಣ ಬಂದ.

ಒಬ್ಬನೇ ಬರಲಿಲ್ಲ. ಅತ್ತಿಗೆ, ಇಬ್ಬರು ಸೊಸೆಯಂದಿರು, ಒಂದು ಬುಟ್ಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಎಲ್ಲರ ಮುಖದಲ್ಲೂ ಗಾಬರಿ.

“ಮನಿಗೆ ಏನಾಗೈತಿ? ಸೋರಾಕತ್ತೈತೇನು?” ಅಂತ ವೀರೇಶಣ್ಣ. “ನಿಮ್ಮಿಬ್ಬರ ನಡುವೆ ಏನಾರ ಆತೇನವ್ವ?” ಅಂತ ಅತ್ತಿಗೆ, ಸುಮಂಗಲಾಳ ಕೈ ಹಿಡಿದುಕೊಂಡು, ನನ್ನ ಕಡೆ ಕಣ್ಣು ಬಿಟ್ಟುಕೊಂಡು.

ಸುಮಂಗಲಾ ಆಗಲೇ ಎದ್ದಿದ್ದಳು. ಕೂದಲು ಗಂಟು ಹಾಕಿದ್ದಳು. ಹೊದಿಕೆ ಮಡಚಿ ಮಂಚದ ಮೇಲೆ ಜಾಗ ಮಾಡಿ, “ಕೂಡ್ರಿ ಅಕ್ಕ, ದಾರ್ಯಾಗ ಬಿಸಿಲಿತ್ತೇನು?” ಅಂತ ನೀರಿನ ಬಾಟಲಿ ಕೈಗೆ ಕೊಟ್ಟು, ನನಗೆ ಆರು ಚಾ ಹೇಳಲು ಕಣ್ಣಲ್ಲೇ ಸೂಚಿಸಿದಳು. ಎಲ್ಲವೂ ದಿನಾ ಮನೆಯಲ್ಲಿ ನಡೆಯುವ ಹಾಗೇ ನಡೆಯಿತು. ಹಡಗಿನ ಕಥೆ ಹೇಳಿದಳು, ಸೊಸೆಯಂದಿರನ್ನು ನಗಿಸಿದಳು, ಕೆಳಗಿನವರೆಗೆ ಹೋಗಿ ಕಳಿಸಿ ಬಂದಳು.

ಬಂದವಳು ಬಾತ್‌ರೂಮಿಗೆ ಹೋದಳು. ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ಇಣುಕಿ ನೋಡಿದರೆ ಹೋಟೆಲಿನ ಚಹಾ ಕಪ್ಪುಗಳನ್ನು ತೊಳೆಯುತ್ತಿದ್ದಳು.

“ಅದನ್ನ ಅವರು ತೊಳೀತಾರ ಬಿಡು.”

“ಗೊತ್ತೈತಿ,” ಅಂದಳು. ತೊಳೆಯುವುದು ನಿಲ್ಲಿಸಲಿಲ್ಲ.

ನನಗೆ ನಾಚಿಕೆಯಾಯಿತು. ಒಂದೇ ಒಂದು ಮಾತಿನಲ್ಲಿ ಅವಳ ಎರಡು ದಿನದಲ್ಲಿ ಒಂದನ್ನು ನಾನೇ ಕಳೆದಿದ್ದೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಗ್ಗೆ ಮತ್ತೆ ಫೋನ್. ಸಿರಿಗೇರಿಯಿಂದ ಸಣ್ಣಮ್ಮ. ಸುಮಂಗಲಾಳ ತಾಯಿಯ ತಂಗಿ, ಎಪ್ಪತ್ತು ದಾಟಿದ ಜೀವ. ಆಸ್ಪತ್ರೆಯಲ್ಲಿ ಕಣ್ಣು ತೋರಿಸಬೇಕಂತೆ, ಈಗಲೇ ಬಸ್ಸು ಹತ್ತಲಾ ಅಂತ ಕೇಳಿದಳು. ಸುಮಂಗಲಾ ಹಲ್ಲುಜ್ಜುತ್ತಿದ್ದವಳು ಬ್ರಷ್ ಹಾಗೇ ಹಿಡಿದು ನನ್ನನ್ನೇ ನೋಡಿದಳು. ಆ ಮುದುಕಿಗೆ ಬರಬೇಡ ಅನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ?

“ಬರ್ರಿ ಸಣ್ಣಮ್ಮ,” ಅಂದೆ. “ನಾನೇ ಬಸ್ ಸ್ಟ್ಯಾಂಡಿಗೆ ಬರ್ತೀನಿ. ಸುಮಂಗಲಾ ಊರಾಗಿಲ್ಲ. ಮನ್ಯಾಗ ನಾ ಇರ್ತೀನಿ.”

ಫೋನಿಟ್ಟು ಪ್ಯಾಂಟು ಹಾಕಿಕೊಂಡೆ. “ನೀ ನಾಡಿದ್ದು ಬಾ. ಕೆಳಗ ಇನ್ನೊಂದು ದಿನಕ್ಕ ಹೇಳಿ ಹೋಗ್ತೀನಿ,” ಅಂದೆ.

“ನಿಮಗ ಆಗ್ತೈತೇನು?”

“ಒಬ್ಬ ಮುದುಕಿಗೆ ಊಟ ಹಾಕಿ ಹಾಸಿಗಿ ಹಾಸಾಕ ನನಗ ಬರಂಗಿಲ್ಲೇನು?”

ಅವಳು ಬಾಯಿ ಮುಕ್ಕಳಿಸಿ ಬಂದು, ನನ್ನ ಅಂಗಿಯ ಕಾಲರ್ ಸರಿ ಮಾಡಿ, ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದದ್ದು ಕೇಳಿತು. ಆ ಸದ್ದು ನನಗೆ ಬಹಳ ಇಷ್ಟವಾಯಿತು.

ಸಣ್ಣಮ್ಮ ಬಂದಳು. ಉಪ್ಪಿಟ್ಟು ಮಾಡಿದೆ. ಅವಳು ಎರಡು ತುತ್ತು ತಿಂದು, “ಅಳಿಯಂದ್ರ, ಉಪ್ಪು ಎಲ್ಲೈತಿ ನೋಡ್ರಿ,” ಅಂದಳು, ಬಹಳ ಮರ್ಯಾದೆಯಿಂದ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ಕಣ್ಣಿಗೆ ಹನಿ ಹಾಕಿದ್ದರು, ಸ್ವಲ್ಪ ಹೊತ್ತು ಮಲಗಬೇಕು ಅಂದಳು. ಹಾಸಲು ಕೌದಿ ಬೇಕು. ಬೀರು ತೆಗೆದೆ, ಸೀರೆಗಳಿದ್ದವು. ಅಟ್ಟ ನೋಡಿದೆ, ನನ್ನದೇ ಹಳೇ ಪುಸ್ತಕಗಳಿದ್ದವು. ದಿವಾನಿನ ಕೆಳಗೆ ತಲೆ ತೂರಿಸಿದೆ. ಸುಮಂಗಲಾಗೆ ಫೋನ್ ಮಾಡೋಣ ಅಂತ ಕೈಗೆತ್ತಿಕೊಂಡು, ಮತ್ತೆ ಜೇಬಿಗೆ ಹಾಕಿದೆ.

ಸಣ್ಣಮ್ಮ ಕುರ್ಚಿಯಲ್ಲಿ ಕೂತು, ಹನಿ ಹಾಕಿದ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ದೇವರಕೋಣಿ ಬಾಜೂಕ ಕಬ್ಬಿಣದ ಟ್ರಂಕು ಐತಲ್ಲ, ಅದರಾಗ. ಮ್ಯಾಲಿಂದು ನೆಂಟರಿಗೆ. ತಳದಾಗ ಇದ್ದದ್ದು ಬಾಣಂತೇರಿಗೆ.”

ಅಲ್ಲೇ ಇದ್ದವು. ಒಗೆದು, ಮಡಚಿ, ನಡುನಡುವೆ ಬೇವಿನ ಎಲೆ ಹಾಕಿ ಇಟ್ಟ ಹನ್ನೆರಡು ಕೌದಿ. ಒಂದನ್ನು ತಂದು ಸೊಟ್ಟಗೆ ಹಾಸಿದೆ. ಸಣ್ಣಮ್ಮ ಕೈಯಿಂದ ತಡವಿ ಅಂಚು ನೆಟ್ಟಗೆ ಮಾಡಿಕೊಂಡು ಮಲಗಿದಳು.

“ಸುಮಂಗಲಾ ಎಲ್ಲಿಗೆ ಹೋಗ್ಯಾಳ?” ಅಂತ ಕೇಳಿದಳು. ಇನ್ನು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾಳೋ ಅಂತ ಅಂಜಿಕೆಯಿತ್ತು.

“ಮಲಗ್ಲಿ ಬಿಡ್ರಿ,” ಅಂದಳು ಸಣ್ಣಮ್ಮ. “ನೀವು ಎಲ್ಲಾರ್ನೂ ಬರ್ರಿ ಅಂತಿದ್ರಿ. ನಾವು ಬರ್ತಿದ್ವಿ. ಪಾಪ, ಅಕಿನ್ನ ಯಾರೂ ಕೇಳಿದ್ದಿಲ್ಲ.” ಗೋಡೆಯ ಕಡೆ ಹೊರಳಿ ನಿದ್ದೆ ಹೋದಳು.

ಈ ಅಂಕಣ ಓದುವ ಗಂಡಸರೇ, ‘ನಮ್ಮ ಮನೆಗೆ ಯಾರು ಬೇಕಾದರೂ ಬರಬಹುದು’ ಅಂತ ಇನ್ನೊಮ್ಮೆ ಹೇಳುವ ಮೊದಲು ನನಗೊಂದು ಉತ್ತರ ಕೊಡಿ: ನಿಮ್ಮ ಮನೆಯಲ್ಲಿ ನೆಂಟರ ಕೌದಿ ಎಲ್ಲಿದೆ?