ದೇಸೂರಿನ ಡಬ್ಬಿಗಳು, ಒಂದು ಕೈಯ ಡೊಳ್ಳು

ರವಿವಾರ. ದೇಸೂರ ಸ್ಟೇಶನ್ನಿನ ಮೇಲಿನ ಮಂಜು ಇನ್ನೂ ಸರಿದಿಲ್ಲ. ಹಳಿಯಾಚೆಯ ತಗಡಿನ ಶೆಡ್ಡಿನಲ್ಲಿ ಬೀರಣ್ಣ ಆಳೆತ್ತರದ ಸ್ಪೀಕರ್ ಡಬ್ಬಿಯನ್ನು ತಬ್ಬಿ ಹಿಡಿದು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯುತ್ತಾರೆ. ಟೇಪಿಗೆ ಕ್ಯಾಸೆಟ್ ಹಾಕಿ ಗುಂಡಿ ಒತ್ತುತ್ತಾರೆ. ಮೊದಲು ಏನೂ ಕೇಳುವುದಿಲ್ಲ. ಆಮೇಲೆ ನೆಲದೊಳಗಿಂದ ಎದ್ದು ಬಂದಂತೆ ದಪ್ಪನೆಯ ದನಿಯೊಂದು ಪಕ್ಕೆಲುಬಿಗೆ ತಾಗುತ್ತದೆ. ಬೀರಣ್ಣ ಪ್ಲೈವುಡ್ಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ.

"ಗ್ವಾಡಿಗೆ ಆತು ಕುಂದರಬ್ಯಾಡ್ರಿ ಸರ, ತಗಡು ಗದರತೈತಿ," ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಚಾಪೆ ತೋರಿಸುತ್ತಾರೆ. "ಈ ಕ್ಯಾಸೆಟ್ ಹೊಸಾದು. ನಿನ್ನೆ ಸಂಜಿಗೆ ಬಂದೈತಿ. ನಾನೂ ಈಗ ಕೇಳಾಕತ್ತೇನಿ."

ಬಂದಿರುವುದು ಗೋವೆಯಿಂದ, ಅದಕ್ಕೂ ಮೊದಲು ಜಮೈಕಾದಿಂದ, ಲಂಡನ್ನಿನಿಂದ. ಅಲ್ಲಿನ ರೂಟ್ಸ್ ರೆಗೆ ಹಾಡುಗಳಿಂದ ಹಾಡುವವರ ದನಿಯನ್ನು ತೆಗೆದುಹಾಕಿ, ಡ್ರಮ್ಮು ಮತ್ತು ಬೇಸ್ ಗಿಟಾರಿನ ದಪ್ಪ ದನಿಯನ್ನಷ್ಟೇ ಉಳಿಸಿ, ನಡುನಡುವೆ ಪ್ರತಿಧ್ವನಿ ಬಿಟ್ಟರೆ ಅದು ಡಬ್. ಹತ್ತಿರದ ಶಹರದ ರವಿವಾರ ಪೇಟೆಯಿಂದ ಗೋವೆಗೆ ಕಿರಾಣಿ ಸಾಮಾನು ಒಯ್ಯುವ ಲಾರಿ ಚಾಲಕ ಗಜಾನನ ಬೀರಣ್ಣನವರ ಬಾಲ್ಯದ ಗೆಳೆಯ. ವಿದೇಶಿಯರು ಗೋವೆಯ ಅಂಗಡಿಯೊಂದಕ್ಕೆ ಕೊಟ್ಟುಹೋಗುವ ಹೊಸ ಕ್ಯಾಸೆಟ್‌ಗಳನ್ನು ನಕಲು ಮಾಡಿಸಿ ತರುವವನು ಅವನೇ. ಆ ಕ್ಯಾಸೆಟ್‌ಗಳನ್ನು ಕೇಳಲು ಶಹರದ ದಂಡಿನ ಪ್ರದೇಶವಾದ ಕ್ಯಾಂಪಿನಿಂದ ನಿವೃತ್ತ ಸೈನಿಕರು, ಒಂದಿಬ್ಬರು ಗುಮಾಸ್ತರು, ಒಬ್ಬ ರೈಲ್ವೆ ಗ್ಯಾಂಗ್‌ಮನ್ ಸೈಕಲ್ ತುಳಿದುಕೊಂಡು ಬರುತ್ತಾರೆ. ಟಿಕೀಟು ಗಿಕೀಟು ಇಲ್ಲ. ಬಂದವರು ಸುಮ್ಮನೆ ಕೂತು ಕೇಳಿದರೆ ಆಯಿತು.

ವಾರದ ಉಳಿದ ದಿನ ಬೀರಣ್ಣ ಕ್ಯಾಂಪಿನ ಫರ್ನಿಚರ್ ಅಂಗಡಿಯಲ್ಲಿ ಬಡಗಿ. ಲಗ್ನದ ಹಂಗಾಮಿನಲ್ಲಿ ಡಬ್ಬಿಗಳನ್ನು ಬಾಡಿಗೆಗೆ ಒಯ್ದು ಸಿನಿಮಾ ಹಾಡು ಹಾಕುತ್ತಾರೆ. ಒಂದೊಂದೇ ಸ್ಪೀಕರು ಕೂಡಿದ್ದು ಆ ದುಡಿಮೆಯಲ್ಲೇ. ಹೆಂಡತಿ ಸಾತವ್ವ ಚಹಾ ತಂದಿಟ್ಟು ನಗುತ್ತಾರೆ: "ಊರ ಮಂದಿಗೆಲ್ಲಾ ಕಪಾಟ ಮಾಡಿ ಕೊಡ್ತಾರ. ನನ್ನ ಸೀರಿ ಇನ್ನೂ ಟ್ರಂಕಿನ್ಯಾಗ ಅದಾವ ನೋಡ್ರಿ."

ದೂರದ ದ್ವೀಪದ ಈ ಸಂಗೀತ ಬೀರಣ್ಣನವರಿಗೆ ಹಿಡಿಸಿದ್ದಕ್ಕೆ ಕಾರಣ ಖಾನಾಪುರದ ಕಡೆಯ ಅವರ ಹಳ್ಳಿಯಲ್ಲಿದೆ. ತಂದೆ ಮೈಲಾರಲಿಂಗ ಕುರಿ ಕಾಯುತ್ತಿದ್ದವರು. ಡೊಳ್ಳು ಬಾರಿಸುವುದರಲ್ಲಿ ಸುತ್ತಿನ ಊರುಗಳಲ್ಲೆಲ್ಲ ಹೆಸರಾದವರು. ಬಲಗೈಯಲ್ಲಿ ಕೋಲು, ಎಡಕ್ಕೆ ಬರಿ ಅಂಗೈ.

"ನಮ್ಮಪ್ಪ ಬಾರಸೂ ಮುಂದ ನಡುವ ಒಮ್ಮೆ ಕೈ ತಡೀತಿದ್ದ. ಏನೂ ಸಪ್ಪಳ ಇಲ್ಲ. ನಮಗ ಜೀವ ಹೋದಂಗ ಆಗತಿತ್ತು. ಆಮ್ಯಾಲೆ ಧಪ್ ಅಂತ ಒಂದ ಪೆಟ್ಟು! ಗಜಾನನ ತಂದ ಮೊದಲನೇ ಕ್ಯಾಸೆಟ್ಟಿನ್ಯಾಗ ನಾ ಅದನ್ನ ಕೇಳಿದೆ," ಎನ್ನುತ್ತಾರೆ ಬೀರಣ್ಣ.

ತಂದೆಯ ಡೊಳ್ಳನ್ನು ರೆಕಾರ್ಡ್ ಮಾಡಿ, ಡಬ್‌ನ ಹಾಗೆ ಪ್ರತಿಧ್ವನಿ ಕೊಟ್ಟು, ತಮ್ಮದೇ ಒಂದು ಕ್ಯಾಸೆಟ್ ಹೊರತರಬೇಕೆಂಬ ಆಸೆ ಅಂದೇ ಹುಟ್ಟಿತು. ತಂದೆಯೂ ಒಪ್ಪಿದರು. ಊರಿಗೆ ಹೋದಾಗಲೆಲ್ಲ ಅವರೇ ಕೇಳುತ್ತಿದ್ದರು, "ಯಾವಾಗ ಬಾರಸೂಣೋ?" ಬೀರಣ್ಣ ಮುಂದೂಡುತ್ತ ಹೋದರು. ದೊಡ್ಡ ಡಬ್ಬಿ ಆಗಲಿ, ಒಳ್ಳೆಯ ಮೈಕು ಸಿಗಲಿ, ಈ ಹಂಗಾಮು ಮುಗಿಯಲಿ. ದೊಡ್ಡ ಡಬ್ಬಿ ಮುಗಿದ ವರ್ಷವೇ ಮೈಲಾರಲಿಂಗ ಕುರಿಹಟ್ಟಿಯಲ್ಲಿ ಕುಸಿದು ಬಿದ್ದರು. ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು.

ಕಳೆದ ವರ್ಷ ಬೀರಣ್ಣ ಎರವಲು ಮೈಕು ಹಿಡಿದು ತಂದೆಯ ಮುಂದೆ ಕೂತರು. ಮುದುಕ ಡೊಳ್ಳನ್ನು ತೊಡೆಗೆ ಒರಗಿಸಿಕೊಂಡು ಎಡಗೈಯೊಂದರಿಂದಲೇ ಬಾರಿಸಿದರು. ಕೋಲಿನ ಪೆಟ್ಟು ಬೀಳಬೇಕಾದ ಕಡೆಯೆಲ್ಲ ಖಾಲಿ. ಗಜಾನನ ಅದರ ನಕಲನ್ನು ಗೋವೆಗೆ ಒಯ್ದ. ಡಬ್ ಹಾಕಲು ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನವನೊಬ್ಬ ಕೇಳಿ ಬೆರಗಾದ. ಇದಕ್ಕೆ ಬೇಸ್ ಸೇರಿಸಿ ಲಂಡನ್ನಿನಲ್ಲಿ ರೆಕಾರ್ಡ್ ತರುತ್ತೇನೆ, ನಿಮ್ಮ ಅಪ್ಪನ ಹೆಸರನ್ನೇ ಹಾಕುತ್ತೇನೆ ಎಂದು ಹೇಳಿ ಕಳಿಸಿದ.

ಬೀರಣ್ಣ ಅಂದೇ ಬಸ್ಸು ಹತ್ತಿ ಊರಿಗೆ ಹೋದರು. ಸುದ್ದಿ ಕೇಳಿದ ಮೈಲಾರಲಿಂಗ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ತೊದಲುತ್ತಲೇ ಅಂದರು, "ಅದು ಅರ್ಧಾ ಬಾರಸಿದ್ದು. ಮಂದಿ ಇದ ಮೈಲಾರಲಿಂಗನ ಡೊಳ್ಳು ಅಂತ ತಿಳೀತಾರ. ಬ್ಯಾಡೋ ತಮ್ಮಾ."

"ಅಪ್ಪಾ, ಅವರಿಗೆ ಆ ಖಾಲಿನ ಚಲೋ ಅನಸೈತಿ."

"ಅವರಿಗೆ ಅನಸೀತು. ಅಲ್ಲಿ ಏನ ಇರತಿತ್ತು ಅನ್ನೂದು ನನಗ ಗೊತ್ತೈತಲ್ಲ."

ಬೀರಣ್ಣ ಮತ್ತೆ ಒತ್ತಾಯಿಸಲಿಲ್ಲ. ಮರುದಿನವೇ ಗಜಾನನನ ಕೈಯಲ್ಲಿ ಬೇಡವೆಂದು ಹೇಳಿ ಕಳಿಸಿದರು. ಇಂಥ ಅವಕಾಶ ಬಿಟ್ಟನಲ್ಲ ಎಂದು ಗಜಾನನ ಇಂದಿಗೂ ಗೊಣಗುತ್ತಾನೆ. ಆದರೂ ಹೊಸ ಕ್ಯಾಸೆಟ್ ತರುವುದನ್ನು ನಿಲ್ಲಿಸಿಲ್ಲ. ತಂದೆಯ ಆ ಕ್ಯಾಸೆಟ್ಟನ್ನು ಬೀರಣ್ಣ ರವಿವಾರದ ಕೇಳುಗರಿಗೂ ಹಾಕಿದ್ದಿಲ್ಲ.

ನನಗೊಮ್ಮೆ ಕೇಳಿಸುತ್ತೀರಾ ಎಂದು ಕೇಳಿದೆ. ಬೀರಣ್ಣ ತಲೆಯಾಡಿಸಿ ಬೇಡವೆಂದರು.

"ಅಪ್ಪ ತಯಾರ ಇದ್ದ ಸರ. ನಾನ ತಯಾರ ಇರಲಿಲ್ಲ. ಡಬ್ಬಿ ಸರಿ ಆಗಲಿ, ಸರಿ ಆಗಲಿ ಅಂತ ಕುಂತೆ. ಖರೇ ಅಂದ್ರ ಅವನ ಡೊಳ್ಳಿಗೆ ಡಬ್ಬಿನ ಬೇಕಾಗಿರಲಿಲ್ಲ."

ಟೇಪು ಟಕ್ಕೆಂದು ನಿಲ್ಲುತ್ತದೆ. ಬೀರಣ್ಣ ಎದ್ದು ಕ್ಯಾಸೆಟ್ ಮಗುಚಿ ಹಾಕುತ್ತಾರೆ. ಬೆನ್ನು ತಿರುಗಿಸಿಯೇ ಹೇಳುತ್ತಾರೆ: "ಎರಡೂ ಕೈಲೇ ಬಾರಸಿದ್ದನ್ನ ನಾನಂತೂ ಕೇಳೇನ್ರಿ. ನಿಮಗ ಕೇಳಸಾಕ ಅಷ್ಟ ಆಗಲಿಲ್ಲ."